ರೆಟಿನಾದಲ್ಲಿ ತೂತು: ಒಬ್ಬರಿಗೆ ಲೇಸರ್, ಇನ್ನೊಬ್ಬರಿಗೆ ಏಕೆ ಬೇಡ?

ಕಣ್ಣಿನ ಪರೀಕ್ಷೆಗೆ ಹೋದ ಇಬ್ಬರಿಗೆ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದಲ್ಲಿ, ತೂತಿರುವುದು ಗೊತ್ತಾಗುತ್ತದೆ. ಒಬ್ಬರಿಗೆ ಅಂದೇ ಲೇಸರ್. ಇನ್ನೊಬ್ಬರಿಗೆ ‘ಏನೂ ಬೇಡ, ವರ್ಷಕ್ಕೊಮ್ಮೆ ತೋರಿಸಿ’ ಎಂಬ ಸಲಹೆ. ಎರಡೂ ಸರಿಯಿರಬಹುದು.

1920ರ ದಶಕದವರೆಗೆ ರೆಟಿನಾ ಕಳಚಿದರೆ ಆ ಕಣ್ಣಿನ ಆಸೆ ಬಿಟ್ಟಂತೆಯೇ ಆಗಿತ್ತು. ರೆಟಿನಾದಲ್ಲಾದ ಹರುಕೇ ಅದಕ್ಕೆ ಕಾರಣ, ಅದನ್ನು ಮುಚ್ಚಿದರೆ ರೆಟಿನಾ ಮರಳಿ ಅಂಟುತ್ತದೆ ಎಂದು ಪಟ್ಟು ಹಿಡಿದವರು ಸ್ವಿಟ್ಜರ್ಲೆಂಡಿನ ವೈದ್ಯ ಜೂಲ್ ಗೊನಾಂ. ಹರುಕಿರುವ ಜಾಗವನ್ನು ಸುಟ್ಟು ಮುಚ್ಚಿ ಅದನ್ನು ಸಾಧಿಸಿಯೂ ತೋರಿಸಿದರು. ಬಕಲ್ (ಕಣ್ಣಿನ ಹೊರಗೋಡೆಗೆ ಪಟ್ಟಿ ಹೊಲಿಯುವುದು), ಕ್ರಯೋ (ಹೆಪ್ಪುಗಟ್ಟಿಸಿ ಅಂಟಿಸುವುದು), ಲೇಸರ್, ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವುದು) ಎಲ್ಲವೂ ಮುಂದಿನ ಅರ್ಧ ಶತಮಾನದಲ್ಲಿ ಬಂದವು.

ಗೋಜಲು ಶುರುವಾದದ್ದು ಲೇಸರ್ ಸುಲಭವಾದ ಮೇಲೆ. ಹರುಕೇ ಕಾರಣವಾದರೆ, ಕಂಡ ತೂತನ್ನೆಲ್ಲ ಮೊದಲೇ ಮುಚ್ಚಬಾರದೇಕೆ? ಮೈನಸ್ ಪವರ್ ಇರುವವರಲ್ಲಿ ಹೆಚ್ಚಾಗಿ ಕಾಣುವ, ರೆಟಿನಾದ ಅಂಚು ತೆಳುವಾಗುವ ‘ಲ್ಯಾಟಿಸ್’ಗೂ ಲೇಸರ್ ಬಿತ್ತು. ಅಮೆರಿಕದ ಕಣ್ಣಿನ ವೈದ್ಯ ನಾರ್ಮನ್ ಬೈಯರ್ ಮಾತ್ರ ಚಿಕಿತ್ಸೆ ಕೊಡದೆ ಕಾದು ನೋಡಿದರು. ಲ್ಯಾಟಿಸ್ ಇದ್ದ 423 ಕಣ್ಣುಗಳನ್ನು ಸರಾಸರಿ ಹನ್ನೊಂದು ವರ್ಷಗಳ ಕಾಲ ಗಮನಿಸಿ 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೃಷ್ಟಿಗೆ ತೊಂದರೆಯಾಗುವಷ್ಟು ರೆಟಿನಾ ಕಳಚಿದ್ದು ಮೂರರಲ್ಲಿ ಮಾತ್ರ. ಅಷ್ಟು ತಾಳ್ಮೆಯ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಒಂದು ತೂತಿಗೂ ಇನ್ನೊಂದಕ್ಕೂ ವ್ಯತ್ಯಾಸವಿರುವುದು ಎಳೆತದಲ್ಲಿ. ಕಣ್ಣೊಳಗೆ ತುಂಬಿರುವ ವಿಟ್ರಿಯಸ್ ಲೋಳೆ ವಯಸ್ಸಾದಂತೆ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಿಗಿಯಾಗಿ ಅಂಟಿಕೊಂಡಲ್ಲಿ ಅದು ರೆಟಿನಾವನ್ನೂ ಜಗ್ಗಿ ಕುದುರೆಲಾಳದ ಆಕಾರದಲ್ಲಿ ಹರಿದುಹಾಕಬಹುದು. ಹರಿದ ತುಣುಕನ್ನು ಲೋಳೆ ಎಳೆಯುತ್ತಲೇ ಇರುವುದರಿಂದ ದ್ರವ ಒಳನುಗ್ಗಿ ರೆಟಿನಾವನ್ನು ಎಬ್ಬಿಸುತ್ತದೆ. ತೆಳುವಾಗಿ ತಾನೇ ಸವೆದ ದುಂಡು ತೂತಿಗೆ ಈ ಎಳೆತವಿಲ್ಲ. ರೋಗಲಕ್ಷಣದೊಂದಿಗೆ (ಹಠಾತ್ ಚುಕ್ಕೆ, ಮಿಂಚು) ಬಂದ ಲಾಳದ ಹರುಕನ್ನು ಹಾಗೇ ಬಿಟ್ಟರೆ ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ರೆಟಿನಾ ಕಳಚುತ್ತದೆ. ಬೇಗ ಲೇಸರ್ ಮಾಡಿದರೆ ಆ ಅಪಾಯ ನೂರಕ್ಕೆ ಐದಕ್ಕಿಂತ ಕಡಿಮೆ.

‘ಎಲ್ಲ ತೂತಿಗೂ ಚಿಕಿತ್ಸೆ ಬೇಡ’ ಎಂಬ ಈ ತಿಳಿವಳಿಕೆ ಜನರ ಬಾಯಲ್ಲಿ ‘ಚುಕ್ಕೆ ಕಂಡರೆ ವಯಸ್ಸಿನದು, ಬಿಡಿ’ ಎಂದಾಗಿರುವುದು ನೋವಿನ ಸಂಗತಿ. ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಮಿಂಚಿನ ಗೆರೆ ಕಂಡವರಿಗೆ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡಲೇಬೇಕು. ನೋವು ಇರುವುದಿಲ್ಲ, ಆದ್ದರಿಂದಲೇ ಜನ ತಡಮಾಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ಹರುಕು ಕಾಣದಿದ್ದರೂ ಕೆಲವು ವಾರಗಳಲ್ಲಿ ಹೊಸದು ಮೂಡಬಹುದು, ಮರುಪರೀಕ್ಷೆ ಅದಕ್ಕಾಗಿ. ಲೇಸರ್ ಹಾಕಿದ ಜಾಗ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ದೃಷ್ಟಿಯ ಅಂಚಿನಿಂದ ಪರದೆ ಇಳಿದಂತೆ ಕತ್ತಲು ಕವಿದರೆ, ಅದು ಸ್ಪಷ್ಟ ನೋಟ ಕೊಡುವ ನಡುವಿನ ಭಾಗವಾದ ಮ್ಯಾಕ್ಯುಲಾವನ್ನು ಮುಟ್ಟುವ ಮೊದಲೇ ಆಸ್ಪತ್ರೆಯಲ್ಲಿರಬೇಕು.