ಪದ ಪರಿಚಯ: ಬ್ರೇಕ್ ಫೇಡ್

ಮೂರನೇ ಸುತ್ತಿನಲ್ಲಿ ಬ್ರೇಕ್ ಫೇಡ್ ಆಗಿ ಪೆಡಲ್ ನೆಲ ಮುಟ್ಟಿತು, ಇನ್ನು ಆರು ಪಿಸ್ಟನ್‌ಗಳ ಕ್ಯಾಲಿಪರ್ (ಬ್ರೇಕನ್ನು ಒತ್ತಿ ಹಿಡಿಯುವ ಭಾಗ) ಹಾಕಿಸದೆ ಗತಿಯಿಲ್ಲ ಎಂಬ ಧಾಟಿಯ ಮಾತನ್ನು ಈಚೆಗೆ ಮತ್ತೊಮ್ಮೆ ಓದಿದೆ. ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕಿಗೆ ಒಯ್ಯುವವರಲ್ಲಿ ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಅದರೊಳಗಿನ ತಪ್ಪು ಈಗ ಯಾರ ಕಣ್ಣಿಗೂ ಬೀಳುತ್ತಿಲ್ಲ. ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡುಗಳು ಅದುಮಿ ನಿಲ್ಲಿಸುವ ಡಿಸ್ಕ್ ಬ್ರೇಕಿನ ಕಾರಿನಲ್ಲಿ ಪೆಡಲ್ ನೆಲ ಮುಟ್ಟಿದರೆ ಅದನ್ನು ಫೇಡ್, ಅಂದರೆ ಶಾಖದಿಂದ ಬ್ರೇಕಿನ ಹಿಡಿತ ಕುಂದುವುದು, ಎನ್ನಲಾಗದು. ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಇಲ್ಲಿಯಂತೂ ಆ ಮದ್ದು ಬಹಳ ದುಬಾರಿಯದು.

ಫೇಡ್ ಎಂಬ ಇಂಗ್ಲಿಷ್ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಮೂಲಪದಕ್ಕೆ ಸಪ್ಪೆ, ಕಳೆಗುಂದಿದ್ದು ಎಂಬ ಅರ್ಥವಿತ್ತು. ಬಣ್ಣ ಮಾಸುವುದು, ಹೂವು ಬಾಡುವುದು, ದನಿ ಕ್ಷೀಣಿಸುವುದು ಎಲ್ಲವೂ ಆ ಪದದೊಳಗೆ ಸೇರುತ್ತವೆ. ಇದ್ದ ಕಸುವು ಕುಂದುವುದು ಎಂಬುದೇ ಅದರ ತಿರುಳಾದ್ದರಿಂದ, ಕನ್ನಡದಲ್ಲಿ ಹೇಳುವುದಾದರೆ ಬ್ರೇಕ್ ಕುಂದುವುದು ಎಂದರೆ ಸರಿಹೋಗುತ್ತದೆ. ಈ ಪದ ಬ್ರೇಕಿಗೆ ಅಂಟಿಕೊಂಡದ್ದು ಡ್ರಮ್ ಬ್ರೇಕುಗಳ ಕಾಲದಲ್ಲಿ, ಮತ್ತು ಇಂದಿನ ಗೊಂದಲದ ಬೇರು ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಗಾಲಿಯೊಡನೆ ತಿರುಗುವ ಬಟ್ಟಲಿನಾಕಾರದ ಡ್ರಮ್ ಕಾದಾಗ ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳಿಂದ ದೂರ ಸರಿಯುತ್ತದೆ. ಶೂಗಳು ಅಷ್ಟು ಹೆಚ್ಚು ದೂರ ಚಲಿಸಬೇಕಾದ್ದರಿಂದ ಪೆಡಲ್ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಶೂಗಳ ಮೇಲಿನ ಉಜ್ಜುವ ಪದರವಾದ ಲೈನಿಂಗಿನ ಘರ್ಷಣೆಯೂ ಕುಸಿಯುತ್ತದೆ. ಹೀಗಾಗಿ ಅಂದಿನ ಚಾಲಕರಿಗೆ ಪೆಡಲ್ ಇಳಿಯುವುದೂ ಬ್ರೇಕ್ ಕುಂದುವುದೂ ಒಂದೇ ಅನುಭವವಾಗಿದ್ದವು. ಡಿಸ್ಕ್ ಹಾಗಲ್ಲ, ಕಾದಾಗ ಅದು ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. 1953ರ ಲ ಮಾನ್ಸ್ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆ ಡ್ರಮ್‌ಗಳು ಓಟದ ಕಾರುಗಳಿಂದ ಹಿಂದೆ ಸರಿದವು. ಆದರೆ ಪೆಡಲ್ ಇಳಿದರೆ ಫೇಡ್ ಎಂಬ ಹಳೆಯ ನಂಟು ಮಾತಿನಲ್ಲಿ ಉಳಿದುಬಿಟ್ಟಿತು.

ಡಿಸ್ಕಿನ ಕಾಲದಲ್ಲಿ ಫೇಡ್ ಎಂದರೆ ಪ್ಯಾಡ್ ಮತ್ತು ಡಿಸ್ಕಿನ ನಡುವಿನ ಘರ್ಷಣೆ ಶಾಖದಿಂದ ಕುಸಿಯುವುದು, ಅಷ್ಟೇ. ಪ್ಯಾಡಿನ ಪುಡಿಗಳನ್ನು ಹಿಡಿದಿಟ್ಟಿರುವ ರಾಳ ತನ್ನ ಮಿತಿ ಮೀರಿ ಕಾದಾಗ ಒಡೆದು ಅನಿಲ ಬಿಡುತ್ತದೆ, ಆ ಅನಿಲ ಡಿಸ್ಕಿಗೂ ಪ್ಯಾಡಿಗೂ ನಡುವೆ ಪದರವಾಗಿ ನಿಲ್ಲುತ್ತದೆ. ಆಗ ಪೆಡಲ್ ಮೇಲೆಯೇ ಇರುತ್ತದೆ, ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಅಂಥ ಪ್ಯಾಡನ್ನು ಬಿಚ್ಚಿ ನೋಡಿದರೆ ಅಂಚಿನ ಬಣ್ಣ ಸುಟ್ಟು ಬೂದಿಯಂತೆ ಬೆಳ್ಳಗಾಗಿರುತ್ತದೆ, ಮೂಲೆಗಳು ಉಗುರು ತಾಗಿಸಿದರೆ ಉದುರುತ್ತವೆ. ಹೊಸ ಪ್ಯಾಡುಗಳನ್ನು ಹದಕ್ಕೆ ತರದೆ ನೇರವಾಗಿ ಟ್ರ್ಯಾಕಿಗೆ ಇಳಿಸಿದರೂ ಮೊದಲ ಕಾವಿಗೆ ಹೀಗಾಗುವುದುಂಟು.

ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯುವುದಕ್ಕೆ ಸಾಮಾನ್ಯವಾಗಿ ಕಾರಣ, ಪೆಡಲಿನ ಒತ್ತಡವನ್ನು ಗಾಲಿಗಳಿಗೆ ಒಯ್ಯುವ ಬ್ರೇಕ್ ದ್ರವದ ಕುದಿತ. 1,400 ಕಿಲೋ ತೂಕದ ಕಾರನ್ನು ಗಂಟೆಗೆ 200 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸುವಾಗ ಸುಮಾರು 18 ಲಕ್ಷ ಜೂಲ್ ಶಕ್ತಿಯನ್ನು ಕಳೆಯಬೇಕಾಗುತ್ತದೆ; ಐದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಧಾರಾಳವಾಗಿ ಸಾಕು. ಅದರ ಬಹುಪಾಲು ನಾಲ್ಕು ಸೆಕೆಂಡಿನೊಳಗೆ ಡಿಸ್ಕುಗಳಲ್ಲಿ ಶಾಖವಾಗುತ್ತದೆ, ಪ್ರತಿ ಸುತ್ತಿನಲ್ಲೂ ಹಲವು ಬಾರಿ. ಆ ಶಾಖ ಪ್ಯಾಡ್, ಪಿಸ್ಟನ್‌ಗಳ ಮೂಲಕ ದ್ರವಕ್ಕೆ ಹರಿಯುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಗ್ಲೈಕಾಲ್ ಆಧಾರದ ಈ ದ್ರವ ಗಾಳಿಯ ತೇವವನ್ನು ತಾನಾಗಿಯೇ ಹೀರಿಕೊಳ್ಳುವುದರಿಂದ, ಎರಡು ವರ್ಷ ಹಾಗೆಯೇ ಬಿಟ್ಟ ದ್ರವದೊಂದಿಗೆ ಟ್ರ್ಯಾಕಿಗೆ ಹೋಗುವುದು ಕುದಿತವನ್ನು ಕರೆದಂತೆ. ದ್ರವ ಒತ್ತಡಕ್ಕೆ ಕುಗ್ಗದು, ಆವಿ ಕುಗ್ಗುತ್ತದೆ; ಪೆಡಲ್ ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯುತ್ತದೆ. (ಬ್ರೇಕ್ ಆಯಿಲ್ ಎಂಬ ಮಾತೂ ದಾರಿ ತಪ್ಪಿಸುವಂಥದ್ದೇ. ಇದು ಎಣ್ಣೆಯಲ್ಲ, ಇದರೊಳಗೆ ಖನಿಜ ಎಣ್ಣೆ ಸೇರಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.)

ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರು ಮೊದಲು ಕೊಳ್ಳುವುದು ದೊಡ್ಡ ಡಿಸ್ಕ್, ಕ್ಯಾಲಿಪರುಗಳಿರುವ ದೊಡ್ಡ ಬ್ರೇಕ್ ಕಿಟ್ಟನ್ನು. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಬೇಕಾದದ್ದು ಹೆಚ್ಚು ಶಾಖ ತಡೆಯುವ ಟ್ರ್ಯಾಕ್ ಪ್ಯಾಡ್; ಅದು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಕೀರಲು ಶಬ್ದ ಮಾಡುತ್ತದೆ, ಆದ್ದರಿಂದ ಮನೆಗೆ ಮರಳುವ ಮುನ್ನ ಬದಲಿಸುವುದು ಒಳ್ಳೆಯದು. ಪೆಡಲ್ ಮೆತ್ತಗಾಗಿದ್ದರೆ ಬೇಕಾದದ್ದು 300 ಡಿಗ್ರಿ ದಾಟಿಯೂ ಕುದಿಯದ ರೇಸಿಂಗ್ ದ್ರವ ಮತ್ತು ಅದನ್ನು ಆಗಾಗ ಬದಲಿಸುವ ಶಿಸ್ತು. ಡಿಸ್ಕಿನ ನಡುಭಾಗಕ್ಕೆ ಗಾಳಿ ಒಯ್ಯುವ ಕೊಳವೆಗಳು ಎರಡಕ್ಕೂ ನೆರವಾಗುತ್ತವೆ. ಇವನ್ನೆಲ್ಲ ಮಾಡಿದ ಮೇಲೂ ಶಾಖ ಮಿತಿ ಮೀರುತ್ತಿದ್ದರೆ ಆಗ ದೊಡ್ಡ ಡಿಸ್ಕಿನ ಮಾತು ಬರಬೇಕು, ಏಕೆಂದರೆ ಹೆಚ್ಚು ತೂಕದ ಲೋಹ ಹೆಚ್ಚು ಶಾಖವನ್ನು ತಾಳಿಕೊಳ್ಳುತ್ತದೆ. ಅದರಿಂದ ಕಾರು ಇನ್ನೂ ಬೇಗ ನಿಲ್ಲುತ್ತದೆಂದು ನಂಬಬಾರದು: ಗಾಲಿಗಳು ತಿರುಗದೆ ಜಾರುವುದನ್ನು ತಡೆಯುವ ಎಬಿಎಸ್ ಕೆಲಸಕ್ಕಿಳಿಯುವಷ್ಟು ಹಿಡಿತ ಈಗಾಗಲೇ ಇದ್ದರೆ, ಉಳಿದ ಮಿತಿ ಟೈರಿನದು. ಮುಂದಿನ ಗಾಲಿಗಳಿಗೆ ಮಾತ್ರ ದೊಡ್ಡ ಪಿಸ್ಟನ್ ಹಾಕಿಸಿದರೆ ಬ್ರೇಕಿನ ಸಮತೋಲ ಮುಂದಕ್ಕೆ ವಾಲುತ್ತದೆ, ಹಿಂದಿನ ಬ್ರೇಕುಗಳು ಮಾಡಬೇಕಾದಷ್ಟು ಕೆಲಸ ಮಾಡುವುದಿಲ್ಲ. ರಂಧ್ರ ಕೊರೆದ ಡಿಸ್ಕುಗಳನ್ನು ಟ್ರ್ಯಾಕಿಗೆಂದು ಕೊಳ್ಳಬೇಡಿ. ಆ ರಂಧ್ರಗಳ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಮೊದಲ ತುಳಿತಕ್ಕೆ ಆಳಕ್ಕಿಳಿದ ಪೆಡಲ್ ಎರಡನೆಯ ತುಳಿತಕ್ಕೆ ಪೂರ್ತಿ ಸರಿಯಾದರೆ, ಟ್ರ್ಯಾಕಿನ ಅಂಚುಗಲ್ಲು ಹತ್ತಿಸಿದಾಗ ಅಥವಾ ತಿರುವಿನ ಒತ್ತಡಕ್ಕೆ ಡಿಸ್ಕ್ ವಾಲಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರಬಹುದು. ಅದನ್ನೂ ಫೇಡ್ ಎನ್ನುವವರಿದ್ದಾರೆ. ಅವರು ನೋಡಬೇಕಾದದ್ದು, ಸವೆದರೆ ಡಿಸ್ಕ್ ವಾಲಲು ಎಡೆಕೊಡುವ ಗಾಲಿಯ ಬೇರಿಂಗನ್ನು.

ಕುದಿತವನ್ನು ಗುರುತಿಸುವಾಗ ಮೋಸಹೋಗುವ ಸಂದರ್ಭ ಒಂದಿದೆ. ಕಾರು ನಿಲ್ಲಿಸಿ ಅರ್ಧ ಗಂಟೆ ಕಳೆದರೆ ಆವಿ ತಣಿದು ಮತ್ತೆ ದ್ರವವಾಗುತ್ತದೆ, ಪೆಡಲ್ ಬಹುಮಟ್ಟಿಗೆ ಮೇಲೇಳುತ್ತದೆ, ತೊಂದರೆ ತಾನಾಗಿಯೇ ಕಳೆಯಿತೆಂದು ಅನ್ನಿಸುತ್ತದೆ. ಕ್ಯಾಲಿಪರಿನಿಂದ ದ್ರವ ಹೊರಬಿಡುವ ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ ಪೆಡಲ್ ಒತ್ತಿಸಿದರೆ ಕಂದುಬಣ್ಣದ ಹಳೆಯ ದ್ರವದ ನಡುವೆ ಸಣ್ಣ ಗುಳ್ಳೆಗಳ ಸಾಲು ಹೊರಬರುವುದುಂಟು. ಗುಳ್ಳೆ ಕಾಣದಿದ್ದರೂ ಆ ದ್ರವವನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿಸದೆ ಮುಂದಿನ ಸುತ್ತಿಗೆ ಇಳಿಯಬೇಡಿ.