ಸೈಡ್‌ಕಾರ್ ಯಾಕೆ ಇಷ್ಟು ಹುಳಿ ಆಗುತ್ತದೆ?

ಮೂಡಿಗೆರೆಯಿಂದ ಓದುಗರೊಬ್ಬರ ಪ್ರಶ್ನೆ: "ಫ್ರಾನ್ಸಿನಿಂದ ಬರುವಾಗ ಅಣ್ಣ ಒಂದು ಬಾಟಲಿ ಕೊನ್ಯಾಕ್ ತಂದಿದ್ದರು. ಅಳತೆ ನೋಡಿಕೊಂಡೇ ಸೈಡ್‌ಕಾರ್ ಮಾಡಿದೆ. ಬರೀ ಹುಳಿ. ಕೊನ್ಯಾಕ್ ಇದೆ ಅಂತಲೇ ಗೊತ್ತಾಗಲಿಲ್ಲ. ಎಲ್ಲಿ ತಪ್ಪಿದೆ?"

ಸೈಡ್‌ಕಾರ್ ಅಂದರೆ ಕೊನ್ಯಾಕ್ (ಫ್ರಾನ್ಸಿನ ಬ್ರಾಂದಿ), ಕಿತ್ತಳೆಯ ಲಿಕರ್ (ಸಿಹಿ ಮದ್ಯ), ನಿಂಬೆರಸ ಈ ಮೂರನ್ನು ಬೆರೆಸಿದ ಕಾಕ್‌ಟೇಲ್. ತಪ್ಪಿದ್ದು ನಿಂಬೆಹಣ್ಣಿನಲ್ಲಿ. ಆ ಅಳತೆಗಳೆಲ್ಲ ದಪ್ಪ ಸಿಪ್ಪೆಯ ಹಳದಿ ಲೆಮನ್‌ಗೆ ಬರೆದವು. ನಮ್ಮ ಸಂತೆಯಲ್ಲಿ ಸಿಗುವುದು ತೆಳು ಸಿಪ್ಪೆಯ ಸಣ್ಣ ನಿಂಬೆ. ಅದರ ಹುಳಿ ಚುರುಕು, ಹಿಂದೆಯೇ ಒಂಚೂರು ಕಹಿಯೂ ಇರುತ್ತದೆ. 1922ರಲ್ಲಿ ಸೈಡ್‌ಕಾರ್ ಪುಸ್ತಕಕ್ಕೆ ಬಂದಾಗ ಮೂರೂ ಸಮಪಾಲು ಇತ್ತು. ನಮ್ಮ ನಿಂಬೆಗೆ ಆ ಲೆಕ್ಕ ಹಿಡಿದರೆ ಕುಡಿಯೋಕೇ ಆಗಲ್ಲ.

ನಾನು ಹಾಕುವುದು ಹೀಗೆ: ಕೊನ್ಯಾಕ್ 60 ಎಂಎಲ್, ಕಿತ್ತಳೆಯ ಲಿಕರ್ (ಕ್ವಾಂತ್ರೋ ಥರದ್ದು) 30, ನಿಂಬೆರಸ 20. ರಸ ಆಗಲೇ ಹಿಂಡಿದ್ದಾಗಿರಲಿ. ಕೊನೇ ಹನಿಗೂ ಆಸೆಪಟ್ಟು ಹಿಸುಕಬೇಡಿ, ಸಿಪ್ಪೆಯ ಕಹಿ ಇಳಿಯುತ್ತದೆ. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಗೆ ಮುಕ್ಕಾಲು ಭಾಗ ಐಸ್ ತುಂಬಿ, ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ ಸೋಸಿಕೊಳ್ಳಿ. ಐಸಿಗೆ ಜಿಪುಣತನ ಮಾಡಬೇಡಿ. ಕರಗುವ ನೀರೂ ಈ ಪಾನೀಯದ ಒಂದು ಪಾಲು, ಹುಳಿಯನ್ನು ಮೆತ್ತಗೆ ಮಾಡುವುದು ಅದೇ.

ಇಷ್ಟು ಜೋಪಾನ ಯಾಕೆ ಅಂದರೆ, ಕೊನ್ಯಾಕ್ ಬರೀ ದ್ರಾಕ್ಷಿಯದ್ದು. ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ, ಓಕ್ ಪೀಪಾಯಿಯಲ್ಲಿ ಕಡಿಮೆ ಅಂದರೂ ಎರಡು ವರ್ಷ ಇಟ್ಟಿರುತ್ತಾರೆ. ಆ ಪರಿಮಳ ನಿಂಬೆಯಡಿ ಹೂತುಹೋದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಹಳೆಯದು ಅಂತ ಬಾಟಲಿ ಮೇಲೆ ಅಕ್ಷರಗಳಲ್ಲಿ ಬರೆದಿರುತ್ತದೆ. ನಿಮ್ಮದು ಕಡಿಮೆ ವರ್ಷದ ವಿಎಸ್ ಅಥವಾ ವಿಎಸ್‌ಒಪಿ ಆಗಿದ್ದರೆ ಧಾರಾಳವಾಗಿ ಬೆರೆಸಿ. ಎಕ್ಸ್‌ಒ ಆಗಿದ್ದರೆ ಬೇಡ, ಅದು ಬಹಳ ವರ್ಷ ಇಟ್ಟಿದ್ದು, ಹಾಗೇ ಕುಡಿಯಿರಿ.

ಇನ್ನು ಸಿಪ್ಪೆ. ಇದರಲ್ಲಿ ನೀವು ಪುಣ್ಯವಂತರು. ಕಾಫಿ ಕೊಯ್ಲಿನ ಹೊತ್ತಿಗೆ ತೋಟದಲ್ಲೇ ಕೊಡಗಿನ ಕಿತ್ತಳೆ ಹಣ್ಣಾಗಿರುತ್ತದೆ, ಅಲ್ವಾ? ಬೆರಳಗಲ ಸಿಪ್ಪೆ ಕಿತ್ತು, ಹೊರಮೈ ಗ್ಲಾಸಿನ ಕಡೆ ಮಾಡಿ ಮಡಚಿ ಹಿಸುಕಿ. ಚಿಕ್ಕವರಿದ್ದಾಗ ಒಬ್ಬರ ಕಣ್ಣಿಗೊಬ್ಬರು ಹಾರಿಸುತ್ತಿದ್ದೆವಲ್ಲ, ಆ ಎಣ್ಣೆಯೇ ಸಣ್ಣ ಹನಿಯಾಗಿ ಚಿಮ್ಮಿ ಮೇಲೆ ಕಣ್ಣುಕಣ್ಣಾಗಿ ತೇಲುತ್ತದೆ. ಗ್ಲಾಸು ತುಟಿಗೆ ಬರುವ ಮೊದಲೇ ಮೂಗಿಗೆ ಕಿತ್ತಳೆ ಬರುತ್ತದೆ. ರಸ ಮಾತ್ರ ಹಾಕಬೇಡಿ, ಸುಮ್ನೆ ನೀರು ನೀರಾಗುತ್ತದೆ.

ಲಿಕರ್ ಸಿಗದಿದ್ದರೆ ಎರಡು ಹಣ್ಣಿನ ಸಿಪ್ಪೆಯನ್ನು ಅರ್ಧ ಲೋಟ ಸಕ್ಕರೆಯಲ್ಲಿ ಕಿವುಚಿ ಎರಡು ಗಂಟೆ ಬಿಡಿ. ಸಕ್ಕರೆ ಒದ್ದೆಯಾಗಿ ಘಮ್ ಅನ್ನುತ್ತದೆ. ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ 15 ಎಂಎಲ್ ಹಾಕಿ. ಲಿಕರಿನ ಖಾರ ಬರುವುದಿಲ್ಲ, ಆದರೆ ನನಗೆ ಇದೂ ಇಷ್ಟವೇ.

ಒಂದು ಮಾತು: ಲಿಕರ್ ಹಾಕಿದ ಸೈಡ್‌ಕಾರ್ ಒಂದು ಗ್ಲಾಸ್ ಅಂದರೆ ಒಂದೂವರೆ ಲಾರ್ಜ್ (90 ಎಂಎಲ್) ಮದ್ಯ. ಸಿಹಿಹುಳಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಕುಡಿದು ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವುದು ಬೇಡವೇ ಬೇಡ.

ಮಾಡಿದ ಮೇಲೆ ಒಂದು ಚಮಚ ರುಚಿ ನೋಡಿ. ಇನ್ನೂ ಹುಳಿ ಅನ್ನಿಸಿದರೆ ಮುಂದಿನ ಸಲ ನಿಂಬೆಯನ್ನು 15ಕ್ಕೆ ಇಳಿಸಿ. ಸಿಹಿ ಏರಿಸಬೇಡಿ.