ಚಾರ್ಲ್ಸ್ ಪೆರೂ ಮತ್ತು ಸ್ತನ ಕ್ಯಾನ್ಸರಿನ ಉಪವಿಧಗಳು: ಓದುವವರಿಗೆ ಒಂದಿಷ್ಟು ಟಿಪ್ಪಣಿ

ಲ್ಯೂಮಿನಲ್ ಎ, ಲ್ಯೂಮಿನಲ್ ಬಿ, ಹರ್2 (ಕೋಶದ ಬೆಳವಣಿಗೆಗೆ ಪ್ರಚೋದನೆ ಕೊಡುವ ಒಂದು ಪ್ರೋಟೀನ್) ಹೆಚ್ಚಿರುವ ಗುಂಪು, ಬೇಸಲ್ ಮಾದರಿ. ಸ್ತನ ಕ್ಯಾನ್ಸರಿನ ಈ ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ಆದರೆ ನಾಲ್ಕೇ ಏಕೆ, ಯಾವ ಆಧಾರದ ಮೇಲೆ ಎಂದು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ. ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಪೆರೂ ಅವರ ಸಂಶೋಧನೆಯನ್ನು ಮೊದಲಿನಿಂದ ಓದುವುದೇ ಒಳ್ಳೆಯ ದಾರಿ. ಹೊಸ ಯಂತ್ರ ಸಿಕ್ಕಿತು, ಹೊಸ ಸತ್ಯ ಹೊರಬಂತು ಎಂಬಷ್ಟು ಸರಳ ಕಥೆ ಅದಲ್ಲ. ಯಂತ್ರ ಆಗ ಬೇರೆಯವರ ಬಳಿಯೂ ಇತ್ತು. ಇವರ ಗುಂಪು ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಅವರ ಆರಂಭದ ದಿನಗಳನ್ನು ಬೇಗ ಹೇಳಿ ಮುಗಿಸಬಹುದು. ಬೇಟ್ಸ್ ಕಾಲೇಜಿನಲ್ಲಿ ಪದವಿ, ಯೂಟಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್. ಆಗಿನ ಅವರ ವಿಷಯ ಕ್ಯಾನ್ಸರ್ ಆಗಿರಲಿಲ್ಲ. ಚೆಡಿಯಾಕ್–ಹಿಗಾಶಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಇಲಿಗಳಲ್ಲಿ ಸಮನಾದ ‘ಬೀಜ್’ ಜೀನನ್ನು ಪತ್ತೆಹಚ್ಚಿದ 1996ರ ಪ್ರಬಂಧದಲ್ಲಿ ಅವರ ಹೆಸರಿದೆ. ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಡೇವಿಡ್ ಬೋಟ್‌ಸ್ಟೈನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲೇ, ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಒಮ್ಮೆಗೇ ಅಳೆಯುವ, ಪ್ಯಾಟ್ರಿಕ್ ಬ್ರೌನ್ ಅವರ ಡಿಎನ್‌ಎ ಮೈಕ್ರೋಅರೇ ತಂತ್ರವೂ ಕೈಗೆಟುಕುವಂತಿತ್ತು. 2000ದಿಂದ ಅವರ ನೆಲೆ ಚಾಪೆಲ್ ಹಿಲ್‌ನ ಉತ್ತರ ಕರೋಲಿನಾ ವಿಶ್ವವಿದ್ಯಾಲಯ.

ಅಷ್ಟರಲ್ಲಿ ರೋಗಶಾಸ್ತ್ರಜ್ಞರ ಬಳಿ ಏನಿತ್ತು? ಸೂಕ್ಷ್ಮದರ್ಶಕದಡಿ ಕಾಣುವ ಸ್ವರೂಪ, ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕ ಇದೆಯೋ ಇಲ್ಲವೋ ಎಂಬ ವರದಿ, ನಾಟಿಂಗ್‌ಹ್ಯಾಮ್ ದರ್ಜೆ. ಈ ದರ್ಜೆಯನ್ನು ಚೆನ್ನಾಗಿ ತಿಳಿದಿರಬೇಕು. ನಾಳಗಳು ಎಷ್ಟರಮಟ್ಟಿಗೆ ರೂಪುಗೊಂಡಿವೆ, ಕೋಶಕೇಂದ್ರಗಳು ಎಷ್ಟು ವಿಕಾರವಾಗಿವೆ, ಕೋಶವಿಭಜನೆ ಎಷ್ಟು ನಡೆಯುತ್ತಿದೆ ಎಂಬ ಮೂರಕ್ಕೂ 1ರಿಂದ 3 ಅಂಕ. ಮೊತ್ತ 3ರಿಂದ 5 ಆದರೆ ಮೊದಲ ದರ್ಜೆ, 6 ಅಥವಾ 7 ಆದರೆ ಎರಡನೆಯದು, 8 ಅಥವಾ 9 ಆದರೆ ಮೂರನೆಯದು. ಉಪಯುಕ್ತ ಪದ್ಧತಿ, ಇಂದಿಗೂ ಬಳಕೆಯಲ್ಲಿದೆ. ಆದರೂ ಒಂದೇ ದರ್ಜೆಯ ಎರಡು ಗೆಡ್ಡೆಗಳು ಒಂದೇ ಔಷಧಿಗೆ ತದ್ವಿರುದ್ಧವಾಗಿ ಸ್ಪಂದಿಸುವುದುಂಟು. ತೊಡಕು ಇದ್ದದ್ದು ಅಲ್ಲಿ.

ಈಗ 2000ದ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧ. 42 ವ್ಯಕ್ತಿಗಳಿಂದ 65 ಮಾದರಿಗಳು, 8,102 ಜೀನ್‌ಗಳು. ಗೆಡ್ಡೆಗಳಲ್ಲಿ ಹೆಚ್ಚಿನವು ನಾರ್ವೆಯಿಂದ ಬಂದವು; ಅಲ್ಲಿನ ಆನ್-ಲಿಸೆ ಬೋರೆಸೆನ್-ಡಾಲೆ ಅವರ ಗುಂಪು ಈ ಕೆಲಸದ ಸಹಭಾಗಿ. ಪ್ರತಿ ಗೆಡ್ಡೆಯ ಆರ್‌ಎನ್‌ಎಗೆ ಒಂದು ಬಣ್ಣ, 11 ಕೋಶಸಾಲುಗಳಿಂದ ಕಲೆಹಾಕಿದ ಸಾಮಾನ್ಯ ಆರ್‌ಎನ್‌ಎಗೆ ಇನ್ನೊಂದು ಬಣ್ಣ. ಎರಡೂ ಒಂದೇ ಗಾಜಿನ ಮೇಲೆ ಸ್ಪರ್ಧಿಸುತ್ತವೆ. ಸಿಗುವ ಸಂಖ್ಯೆ ಅನುಪಾತವೇ ಹೊರತು ನೇರ ಪ್ರಮಾಣವಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಪ್ರಬಂಧದ ಜಾಣ್ಮೆ ಇರುವುದು ಜೋಡಿ ಮಾದರಿಗಳಲ್ಲಿ. 20 ಗೆಡ್ಡೆಗಳಿಂದ ಎರಡೆರಡು ಬಾರಿ ಅಂಗಾಂಶ ತೆಗೆದಿದ್ದರು: ಡಾಕ್ಸೊರುಬಿಸಿನ್ ಚಿಕಿತ್ಸೆಗೆ ಮುಂಚೆ ಒಮ್ಮೆ, ಸರಾಸರಿ 16 ವಾರಗಳ ಚಿಕಿತ್ಸೆಯ ನಂತರ ಇನ್ನೊಮ್ಮೆ. ಮತ್ತೆರಡು ಗೆಡ್ಡೆಗಳಿಗೆ ಅದೇ ರೋಗಿಯ ದುಗ್ಧಗ್ರಂಥಿಗೆ ಹರಡಿದ ಭಾಗ ಜೋಡಿಯಾಗಿತ್ತು. ಇಷ್ಟು ತೀಕ್ಷ್ಣ ಔಷಧಿ ಕೊಟ್ಟ ಮೇಲೆ ಗೆಡ್ಡೆಯ ಜೀನ್ ಅಭಿವ್ಯಕ್ತಿ, ಅಂದರೆ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬ ಚಿತ್ರ, ಅಡಿಮೇಲಾಗಬೇಕು ಎಂದೇ ಯಾರಾದರೂ ಊಹಿಸುತ್ತಾರೆ. ಹಾಗಾಗಲಿಲ್ಲ. 20 ಜೋಡಿಗಳಲ್ಲಿ 15, ಹೋಲುವ ಮಾದರಿಗಳನ್ನು ಹತ್ತಿರ ಇಡುವ ವರ್ಗೀಕರಣದ ಮರದಲ್ಲಿ, ಅಕ್ಕಪಕ್ಕದಲ್ಲೇ ಬಂದು ಕುಳಿತವು. ನೆಗಡಿಯಾದರೂ ಪರಿಚಿತರ ದನಿ ಗುರುತು ಸಿಗುವಂತೆ, ಚಿಕಿತ್ಸೆಯ ಬಳಿಕವೂ ಗೆಡ್ಡೆ ತನ್ನ ಗುರುತನ್ನು ಉಳಿಸಿಕೊಂಡಿತ್ತು.

ಇದನ್ನೇ ಅವರು ಜರಡಿಯಾಗಿ ಬಳಸಿದರು. ಒಂದೇ ಗೆಡ್ಡೆಯ ಎರಡು ಮಾದರಿಗಳ ನಡುವೆ ಹೆಚ್ಚು ಬದಲಾಗದ, ಆದರೆ ಬೇರೆ ಬೇರೆ ಗೆಡ್ಡೆಗಳ ನಡುವೆ ಬಹಳ ವ್ಯತ್ಯಾಸ ತೋರುವ ಜೀನ್‌ಗಳು ಯಾವುವು? ಹಾಗೆ ಉಳಿದವು 496. ಇವೇ ‘ಅಂತರ್ಗತ’ ಜೀನ್‌ಗಳು. ಮಾದರಿ ತೆಗೆಯುವಾಗಿನ ಏರುಪೇರು, ಆ ಹೊತ್ತಿನ ಉರಿಯೂತ, ಔಷಧಿಯ ಪ್ರಭಾವ ಇವೆಲ್ಲ ಬಹುಮಟ್ಟಿಗೆ ಹೊರಗುಳಿದವು. ಯಾರು ಬದುಕಿದರು, ಯಾರು ಸತ್ತರು ಎಂಬ ಮಾಹಿತಿ ಈ ಆಯ್ಕೆಯಲ್ಲಿ ಸೇರಿರಲಿಲ್ಲ ಎಂಬುದನ್ನು ಗಮನಿಸಿ. ಫಲಿತಾಂಶವನ್ನು ನೋಡಿ ಜೀನ್ ಆರಿಸಿ, ಆಮೇಲೆ ಅದೇ ಫಲಿತಾಂಶವನ್ನು ‘ಊಹಿಸುವ’ ಪ್ರಬಂಧಗಳನ್ನು ಓದಿ ಬೇಸತ್ತವರಿಗೆ ಈ ಸಂಯಮದ ಬೆಲೆ ತಿಳಿಯುತ್ತದೆ.

ಮರದ ಕೊಂಬೆಗಳಿಗೆ ಅರ್ಥ ಕೊಟ್ಟದ್ದು ಹಳೆಯ ರೋಗಶಾಸ್ತ್ರವೇ. ಸ್ತನದ ನಾಳದಲ್ಲಿ ಒಳಪದರದ ಲ್ಯೂಮಿನಲ್ ಕೋಶಗಳೂ ತಳಪದರದ ಬೇಸಲ್ ಕೋಶಗಳೂ ಇವೆ, ಅವುಗಳಿಗೆ ಆಕಾರ ಕೊಡುವ ಕೆರಾಟಿನ್ ಪ್ರೋಟೀನ್‌ಗಳು ಬೇರೆ ಎಂಬುದು ಮೊದಲೇ ಗೊತ್ತಿತ್ತು. ಒಂದು ಗುಂಪಿನ ಗೆಡ್ಡೆಗಳಲ್ಲಿ ಕೆರಾಟಿನ್ 5 ಮತ್ತು 17ರ ಜೀನ್‌ಗಳು ಎದ್ದು ಕಂಡವು. ಆಗ ರೋಗಶಾಸ್ತ್ರಜ್ಞ ಮ್ಯಾಟ್ ವಾನ್ ಡೆ ರೈನ್ ಅವರೂ ಇದ್ದ ತಂಡ ಪ್ರತಿಕಾಯಗಳಿಂದ ಅಂಗಾಂಶವನ್ನೇ ಬಣ್ಣಿಸಿ, ಆ ಪ್ರೋಟೀನ್ ಗೆಡ್ಡೆಯ ಕೋಶಗಳಲ್ಲೇ ಇದೆಯೇ ಎಂದು ನೋಡಿತು. ಈ ಹೆಜ್ಜೆ ಬಿಟ್ಟಿದ್ದರೆ, ಗೆಡ್ಡೆಯೊಳಗೆ ಸಿಲುಕಿದ ಸಹಜ ನಾಳಗಳಿಂದ ಬಂದ ಸಂಕೇತ ಅದು ಎಂದು ಯಾರು ಬೇಕಾದರೂ ತಳ್ಳಿಹಾಕಬಹುದಿತ್ತು.

2001ರಲ್ಲಿ ಥೆರೆಸೆ ಸೋರ್ಲಿ ಮೊದಲ ಲೇಖಕಿಯಾಗಿದ್ದ ಪ್ರಬಂಧ ಲ್ಯೂಮಿನಲ್ ಗುಂಪನ್ನು ಒಡೆದು, ಉಪವಿಧಕ್ಕೂ ಬದುಕುಳಿಯುವಿಕೆಗೂ ನಂಟು ತೋರಿಸಿತು. ಬೇಸಲ್ ಮಾದರಿ ಮತ್ತು ಹರ್2 ಗುಂಪಿನವರ ಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಆ ರೋಗಿಗಳಿಗೆ ಹರ್2 ಅನ್ನೇ ಗುರಿಯಾಗಿಸುವ ಔಷಧಿ ಟ್ರಾಸ್ಟುಜುಮ್ಯಾಬ್ ಸಿಕ್ಕಿರಲಿಲ್ಲ. ಆದ್ದರಿಂದ ಹರ್2 ಗುಂಪಿನ ಬದುಕುಳಿಯುವಿಕೆಯ ಆ ಹಳೆಯ ರೇಖೆಯನ್ನು ಇಂದಿನ ಉತ್ತರಪತ್ರಿಕೆಯಲ್ಲಿ ಹಾಗೆಯೇ ಬರೆಯಬೇಡಿ.

ಮುಂದಿನ ಘಟ್ಟ 2009ರ ಪ್ಯಾಮ್50: 50 ಜೀನ್‌ಗಳ ಪಟ್ಟಿ. ಹೊಸ ಗೆಡ್ಡೆ ಯಾವ ಉಪವಿಧದ ಸರಾಸರಿ ಚಿತ್ರಕ್ಕೆ ಹೆಚ್ಚು ಹತ್ತಿರ ಎಂದು ಅಳೆದು ಹೆಸರು ಕೊಡುತ್ತದೆ. ಹೆಪ್ಪುಗಟ್ಟಿಸಿಟ್ಟ ಅಂಗಾಂಶವೇ ಬೇಕೆಂಬ ಕಟ್ಟು ಸಡಿಲಿ, ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಅಚ್ಚಿನಲ್ಲಿ ಉಳಿಸಿದ ಅಂಗಾಂಶವೂ ಕೆಲಸಕ್ಕೆ ಬಂತು. ಇದರ ಮೇಲೆ ಕಟ್ಟಿದ ಪ್ರೊಸಿಗ್ನಾ ಪರೀಕ್ಷೆಗೆ 2013ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿತು. ಪ್ಯಾಮ್50ರ ಪೇಟೆಂಟಿನಲ್ಲಿ ಪೆರೂ ಅವರ ಹೆಸರಿದೆ. ಪ್ರಬಂಧಗಳ ಕೊನೆಯಲ್ಲಿ ಬರುವ ಹಿತಾಸಕ್ತಿ ಘೋಷಣೆಯನ್ನು ಓದುವ ಅಭ್ಯಾಸಕ್ಕೆ ಇದು ಒಳ್ಳೆಯ ಉದಾಹರಣೆ.

ಪ್ಯಾಮ್50 ಬಳಸುವವರು ಎಡವುವ ಜಾಗ ಒಂದಿದೆ. ಸಂಖ್ಯೆಗಳು ಸಾಪೇಕ್ಷ ಎಂದು ಮೇಲೆ ಹೇಳಿದೆನಲ್ಲ. ಹಾಗಾಗಿ ಸಂಶೋಧನೆಯಲ್ಲಿ ಪ್ರತಿ ಜೀನ್‌ನ ಮೌಲ್ಯದಿಂದ ಆ ಸಮೂಹದ ಮಧ್ಯಮ ಮೌಲ್ಯವನ್ನು ಕಳೆಯುವುದು ರೂಢಿ. ನಿಮ್ಮ ಸಮೂಹದಲ್ಲಿ ಬರೀ ಈಸ್ಟ್ರೋಜನ್ ಗ್ರಾಹಕವಿಲ್ಲದ ಗೆಡ್ಡೆಗಳಿದ್ದರೆ ಏನಾಗುತ್ತದೆ? ಲ್ಯೂಮಿನಲ್ ಜೀನ್‌ಗಳ ಮಧ್ಯಮ ಮೌಲ್ಯವೇ ಕೆಳಗಿಳಿಯುತ್ತದೆ. ಸ್ವಲ್ಪ ಹೆಚ್ಚು ಸಂಕೇತವಿರುವ ಗೆಡ್ಡೆ ಸುಳ್ಳೇ ‘ಲ್ಯೂಮಿನಲ್’ ಅನ್ನಿಸಿಕೊಳ್ಳುತ್ತದೆ. ತಂತ್ರಾಂಶ ಎಚ್ಚರಿಕೆ ಕೊಡುವುದಿಲ್ಲ, ಉಪವಿಧದ ಹೆಸರನ್ನು ಮಾತ್ರ ಧೈರ್ಯವಾಗಿ ಮುದ್ರಿಸುತ್ತದೆ.

ಇನ್ನೊಂದು ಗೊಂದಲ: ತ್ರಿವಳಿ ಋಣಾತ್ಮಕ ಗೆಡ್ಡೆ ಎಂದರೆ ಬೇಸಲ್ ಮಾದರಿ ಎಂದಲ್ಲ. ಮೊದಲನೆಯದು ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ಎರಡು ಹಾರ್ಮೋನ್‌ಗಳ ಗ್ರಾಹಕಗಳೂ ಹರ್2 ಕೂಡ ಇಲ್ಲವೆಂಬ ವರದಿ. ಎರಡನೆಯದು ಅನೇಕ ಜೀನ್‌ಗಳು ಕೂಡಿ ತೋರುವ ಚಿತ್ರ. ಬಹುಪಾಲು ಒಂದರ ಮೇಲೊಂದು ಬೀಳುತ್ತವೆ, ಪೂರ್ತಿ ಅಲ್ಲ. ಮೊದಲ ಪ್ರಬಂಧ ಗುರುತಿಸಿದ್ದ ಇನ್ನೊಂದು, ‘ಸಹಜ ಸ್ತನದಂತಹ’ ಗುಂಪಿನ ಬಗ್ಗೆ ಅನುಮಾನ ಇಂದಿಗೂ ಇದೆ: ಮಾದರಿಯಲ್ಲಿ ಸಹಜ ಅಂಗಾಂಶ ಹೆಚ್ಚು ಬೆರೆತಿದ್ದರೂ ಅದೇ ಚಿತ್ರ ಬರುತ್ತದೆ.

ಉಪವಿಧಗಳು ಎಲ್ಲ ಮಹಿಳೆಯರಲ್ಲೂ ಸಮನಾಗಿ ಹಂಚಿಲ್ಲ ಎಂದು ತೋರಿಸಿದ್ದು ಉತ್ತರ ಕರೋಲಿನಾದ ಜನಸಮುದಾಯ ಆಧಾರಿತ ಅಧ್ಯಯನ. ಲಿಸಾ ಕ್ಯಾರಿ, ಪೆರೂ ಮೊದಲಾದವರು 2006ರಲ್ಲಿ ಪ್ರಕಟಿಸಿದಂತೆ, ಋತುಬಂಧಕ್ಕೆ ಮುಂಚಿನ ಆಫ್ರಿಕನ್ ಅಮೆರಿಕನ್ ರೋಗಿಗಳಲ್ಲಿ ಬೇಸಲ್ ಮಾದರಿ ಶೇಕಡಾ 39. ಋತುಬಂಧದ ನಂತರದವರಲ್ಲಿ 14. ಆಫ್ರಿಕನ್ ಅಮೆರಿಕನ್ ಅಲ್ಲದವರಲ್ಲಿ, ಯಾವ ವಯಸ್ಸಿನವರಾದರೂ, 16. ಇಲ್ಲಿ ಮೈಕ್ರೋಅರೇ ಬದಲು ಪ್ರತಿಕಾಯಗಳ ಬಣ್ಣಿಕೆಯನ್ನೇ ನೆಚ್ಚಿಕೊಂಡಿದ್ದರು.

2012ರಲ್ಲಿ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ತಂಡ ಉಪವಿಧಗಳನ್ನು ಡಿಎನ್‌ಎ ರೂಪಾಂತರಗಳೊಂದಿಗೆ ಹೋಲಿಸಿತು. ಅದರ ಮುಂದಾಳುಗಳಲ್ಲಿ ಪೆರೂ ಒಬ್ಬರು. ಕೋಶಗಳ ಅತಿ ಬೆಳವಣಿಗೆಯನ್ನು ತಡೆಯುವ ಟಿಪಿ53 ಜೀನ್‌ನ ರೂಪಾಂತರ ಬೇಸಲ್ ಮಾದರಿಯಲ್ಲಿ ಸುಮಾರು ಶೇಕಡಾ 80, ಲ್ಯೂಮಿನಲ್ ಎ ಗುಂಪಿನಲ್ಲಿ 12. ಬೆಳವಣಿಗೆಗೆ ಪ್ರಚೋದನೆ ಕೊಡುವ ಪಿಐಕೆ3ಸಿಎ ಜೀನ್ ಇದಕ್ಕೆ ತಲೆಕೆಳಗು: ಲ್ಯೂಮಿನಲ್ ಎ ಗುಂಪಿನಲ್ಲಿ 45, ಬೇಸಲ್‌ನಲ್ಲಿ 9. ಆರ್‌ಎನ್‌ಎ ನೋಡಿ ಬೇರ್ಪಡಿಸಿದ ಗುಂಪುಗಳು ಡಿಎನ್‌ಎಯಲ್ಲೂ ಬೇರೆಯಾಗಿದ್ದವು. ಬೇಸಲ್ ಮಾದರಿಯ ಗೆಡ್ಡೆಗಳಿಗಂತೂ ಸ್ತನದ ಇತರ ಕ್ಯಾನ್ಸರ್‌ಗಳಿಗಿಂತ ಅಂಡಾಶಯದ ಸೀರಸ್ ಕ್ಯಾನ್ಸರಿನೊಂದಿಗೇ ಹೆಚ್ಚು ಹೋಲಿಕೆ ಕಂಡುಬಂತು.